ಕೋದಂಡರಾಮಪ್ಪನವರ ಬಚ್ಚಲು ಸುಧಾರಣೆ

ಶ್ರೀನಿವಾಸಪುರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಕೋದಂಡರಾಮಪ್ಪನವರಿಗೆ ನಲವತ್ತೆರಡನೇ ವಯಸ್ಸಿನವರೆಗೆ ತಮ್ಮ ಮನೆಯ ಬಚ್ಚಲಿನ ಬಗ್ಗೆ ಯಾವ ತಕರಾರೂ ಇರಲಿಲ್ಲ. ಮೂಲೆಯಲ್ಲಿ ತಾಮ್ರದ ಹಂಡೆ, ಅದರಡಿ ಮಾವಿನ ಸೌದೆಯ ಒಲೆ, ಕೂರಲು ಒಂದು ಚಪ್ಪಡಿ, ಗೋಡೆಯ ತುಂಬ ಹೊಗೆಯ ಕಪ್ಪು. ಎರಡು ಕೊಡ ನೀರಿನಲ್ಲಿ ಸ್ನಾನ ಮುಗಿಸಿ, ಹತ್ತೂವರೆಯ ಕಚೇರಿಗೆ ಹನ್ನೊಂದಕ್ಕೆ ಸರಿಯಾಗಿ ತಲುಪುತ್ತಿದ್ದರು.

೧೯೮೨ರಲ್ಲಿ ಒಂದು ಫೈಲು ಅವರ ನೆಮ್ಮದಿ ಕೆಡಿಸಿತು. ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಇಳಿದಿದ್ದ ಮೇಲಧಿಕಾರಿಯೊಬ್ಬರಿಂದ ಆ ಫೈಲಿಗೆ ಸಹಿ ಮಾಡಿಸಿಕೊಂಡು ಬರಬೇಕಿತ್ತು. ಅಧಿಕಾರಿ ಫೋನಿನಲ್ಲಿ ಮಾತಾಡುತ್ತಿದ್ದಾಗ ಕೋದಂಡರಾಮಪ್ಪನವರು ಸಂಕೋಚದಿಂದ ಬಚ್ಚಲು ಎಲ್ಲಿ ಎಂದು ಸನ್ನೆ ಮಾಡಿ ಕೇಳಿದರು. ಒಳಗೆ ಹೋದವರು ಹತ್ತು ನಿಮಿಷ ಹೊರಗೆ ಬರಲಿಲ್ಲ. ಬಿಳಿಯ ಟಬ್ಬು, ಗೋಡೆಯಗಲದ ಕನ್ನಡಿ, ಸುರುಳಿ ಸುತ್ತಿಟ್ಟ ಟವೆಲುಗಳು, ಎಲ್ಲಿಂದಲೋ ಬರುವ ಪರಿಮಳ. ಬಟ್ಟೆ ತೊಟ್ಟುಕೊಂಡೇ ಖಾಲಿ ಟಬ್ಬಿನ ಅಂಚಿನಲ್ಲಿ ಕೂತು, ಬೆರಳುದ್ದದ ಸೋಪನ್ನು ಮೂಸಿ, ಆಮೇಲೆ ಜೇಬಿಗೆ ಹಾಕಿಕೊಂಡರು. ವಾಪಸು ಬರುವ ಬಸ್ಸಿನಲ್ಲಿ ಕೋಲಾರ ದಾಟುವ ಹೊತ್ತಿಗೆ, ತಾನು ಇಷ್ಟು ವರ್ಷ ಮೈ ತೊಳೆದಿದ್ದೇನೆಯೇ ಹೊರತು ಸ್ನಾನ ಮಾಡಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದರು.

ಅಂಥ ಬಚ್ಚಲು ಮಾಡಿಸುವಷ್ಟು ಸಂಬಳ ಅವರಿಗಿರಲಿಲ್ಲ. ಆದರೆ ಬುದ್ಧಿ ಇದೆಯಲ್ಲ, ಅದಕ್ಕೆ ಖರ್ಚಿಲ್ಲ ಎಂದು ಹೆಂಡತಿ ಭಾರತಮ್ಮನಿಗೆ ಹೇಳಿದರು. ಭಾರತಮ್ಮ ರಾಗಿ ಕೇರುತ್ತಾ, ಹಂಡೆ ಮಾತ್ರ ಮುಟ್ಟಬೇಡಿ ಎಂದಳು. ಮೊದಲು ಕಿತ್ತದ್ದು ಹಂಡೆಯನ್ನೇ. ಅವರ ತಾಯಿ ದೊಡ್ಡಮುನಿಯಮ್ಮ ಅದನ್ನು ಹಿತ್ತಲಿಗೆ ಹೊರಿಸಿ, ಹೊಂಗೆ ಮರದ ಕೆಳಗೆ ಮೂರು ಕಲ್ಲಿಟ್ಟು ಹೂಡಿಸಿಕೊಂಡರು. ಸುತ್ತ ತೆಂಗಿನ ಗರಿಯ ತಡಿಕೆ ಕಟ್ಟಿಸಿ ಅಲ್ಲೇ ಸ್ನಾನ ಶುರುಮಾಡಿದರು.

ಟಬ್ಬು ಕಟ್ಟಲು ಯಲ್ದೂರಿನಿಂದ ಕದಿರಪ್ಪ ಎಂಬ ಗಾರೆ ಕೆಲಸದವನು ಬಂದ. ಕೋದಂಡರಾಮಪ್ಪನವರು ಹೋಟೆಲಿನ ಟಬ್ಬನ್ನು ಕಾಗದದ ಮೇಲೆ ಬರೆದು ತೋರಿಸಿದರು. ಕದಿರಪ್ಪ ಕಾಗದವನ್ನು ಎರಡು ಕಡೆಯಿಂದಲೂ ತಿರುಗಿಸಿ ನೋಡಿ, "ನಂಗೆ ಬರೋದು ದನಕ್ಕೆ ನೀರು ಕುಡಿಸೋ ತೊಟ್ಟಿ ಸ್ವಾಮಿ. ಅದನ್ನೇ ಒಸಿ ಉದ್ದ ಮಾಡ್ತೀನಿ, ನೀವು ಒಳಗೆ ಮಲಕ್ಕೊಳ್ಳಿ" ಎಂದ. ಐದು ದಿನದಲ್ಲಿ ಸಿಮೆಂಟಿನ ತೊಟ್ಟಿ ಎದ್ದು ನಿಂತಿತು. ಅಭ್ಯಾಸ ಬಲದಿಂದ ಅವನು ಒಂದು ತುದಿಯಲ್ಲಿ ಹಗ್ಗ ಕಟ್ಟುವ ಬಳೆಯನ್ನೂ ಕೂರಿಸಿಬಿಟ್ಟಿದ್ದ. ಅದು ಟವೆಲು ನೇತುಹಾಕುವುದಕ್ಕೆ ಎಂದು ಕೋದಂಡರಾಮಪ್ಪನವರು ಕೇಳಿದವರಿಗೆಲ್ಲ ವಿವರಿಸಿದರು. ದೊಡ್ಡಮುನಿಯಮ್ಮ ಬಂದು ನೋಡಿ, "ಏನ್ಲಾ ಕೋದಂಡ, ಎಮ್ಮೆ ಯಾವಾಗ ತತ್ತೀಯ?" ಎಂದು ಕೇಳಿ ಹೋದರು.

ನೆಲಕ್ಕೆ ಮಾಲೂರಿನಿಂದ ಒಡೆದ ಹೆಂಚಿನ ಚೂರುಗಳು ಎರಡು ಮೂಟೆ ಬಂದವು. ಮುಳಬಾಗಿಲಿನಲ್ಲಿ ಮುಚ್ಚುತ್ತಿದ್ದ ಕ್ಷೌರದಂಗಡಿಯಿಂದ ದೊಡ್ಡ ಕನ್ನಡಿ ಅಗ್ಗಕ್ಕೆ ಸಿಕ್ಕಿತು. ಅದನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಬಸ್ಸಿನಲ್ಲಿ ಬಂದರು. ದಾರಿಯುದ್ದಕ್ಕೂ ಜನ ಒಬ್ಬರಾದ ಮೇಲೊಬ್ಬರು ಬಗ್ಗಿ ಅದರಲ್ಲಿ ತಲೆ ಬಾಚಿಕೊಂಡರು. ಕನ್ನಡಿಯ ಮೇಲ್ತುದಿಯಲ್ಲಿ ಕಟಿಂಗು, ಶೇವಿಂಗಿನ ದರಗಳನ್ನು ಕೆಂಪು ಬಣ್ಣದಲ್ಲಿ ಬರೆದಿದ್ದರು. ಎಷ್ಟು ಕೆರೆದರೂ ಅದು ಹೋಗಲಿಲ್ಲ. ಗಿಡಕ್ಕೆ ನೀರು ಹಾಕುವ ಕ್ಯಾನಿನ ಮೂತಿ ಷವರಾಯಿತು. ಬಲ್ಬಿಗೆ ನೀಲಿ ಕಾಗದ ಸುತ್ತಿದರು. ಬಣ್ಣದ ಡಬ್ಬದಲ್ಲಿ ಒಂದು ಕ್ರೋಟನ್ ಗಿಡ ಇಟ್ಟರು. ಪರಿಮಳಕ್ಕೆಂದು ಸೋಪಿನ ಗೂಡಿನಲ್ಲಿ ಊದಿನಕಡ್ಡಿ ಹಚ್ಚಿದ ದಿನ, ಪಕ್ಕದ ಮನೆಯ ರಾಮಲಕ್ಷ್ಮಮ್ಮ ಪೂಜೆಯಾಯಿತೇನೋ ಎಂದು ಪ್ರಸಾದಕ್ಕೆ ತಟ್ಟೆ ಹಿಡಿದು ಬಂದಿದ್ದಳು.

ಟಬ್ಬು ತುಂಬಲು ಇಪ್ಪತ್ತಾರು ಕೊಡ ನೀರು ಬೇಕು ಎಂಬುದು ತುಂಬಿದ ಮೇಲೆ ಗೊತ್ತಾಯಿತು. ಬೀದಿ ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ಬೆಳಿಗ್ಗೆ ಒಂದು ಗಂಟೆ ಹೊತ್ತು ಮಾತ್ರ. ಹೊರುವವಳು ಭಾರತಮ್ಮ. ಕೋದಂಡರಾಮಪ್ಪನವರು ಕುತ್ತಿಗೆಯವರೆಗೆ ಮುಳುಗಿ, ಕಣ್ಣು ಮುಚ್ಚಿ, ನೀಲಿ ಬೆಳಕಿನಲ್ಲಿ ಅರ್ಧ ಗಂಟೆ ಮಲಗಿದರು. ಹೊರಗೆ ಬಂದು, ದೇಹಕ್ಕಿಂತ ಮನಸ್ಸು ಹಗುರಾಯಿತು ಎಂದರು. ಭಾರತಮ್ಮ ಗೋಡೆಗೊರಗಿ ಸೊಂಟ ಹಿಡಿದುಕೊಂಡು ಕೂತಿದ್ದಳು. ನೀನೂ ಒಂದು ದಿನ ಕೂತು ನೋಡಬೇಕು ಎಂದು ಗಂಡ ಹೇಳಿದಾಗ, ಕೂರುವುದಕ್ಕೆ ನೀರು ಯಾರು ತರುತ್ತಾರೆ ಎಂದು ಕೇಳಿದಳು. ಅದಕ್ಕೊಂದು ದಾರಿ ಯೋಚಿಸಬೇಕು ಎಂದ ಕೋದಂಡರಾಮಪ್ಪನವರು ಆ ವಿಷಯವನ್ನು, ಕಚೇರಿಯಲ್ಲಿ ಕಷ್ಟದ ಅರ್ಜಿಗಳನ್ನು ಇಡುವ ಹಾಗೆ, ಪಕ್ಕಕ್ಕಿಟ್ಟರು.

ಸುದ್ದಿ ಕಚೇರಿಗೆ ಮುಟ್ಟಿತು. ಕಚೇರಿಯ ಮುಖ್ಯಸ್ಥರಾದ ಚನ್ನರಾಯಪ್ಪನವರು ನೋಡಲು ಬಂದು, ಸ್ನಾನವನ್ನೂ ಮಾಡಿ ಹೋದರು. ಮರುವಾರ ಟವೆಲು ತಂದರು. ಆಮೇಲೆ ಕೋಲಾರದಿಂದ ಪ್ರವಾಸ ಬರುವ ಅಧಿಕಾರಿಗಳಿಗೆ ಊಟ ಎಲ್ಲಿ, ಸ್ನಾನ ಎಲ್ಲಿ ಎಂದು ಬರೆಯುವ ಪಟ್ಟಿಯಲ್ಲಿ ಸ್ನಾನದ ಎದುರು ಕೋದಂಡರಾಮಪ್ಪ ಎಂದೇ ಬರೆಯತೊಡಗಿದರು. ಹದಿನೆಂಟು ವರ್ಷದ ನೌಕರಿಯಲ್ಲಿ ಕೋದಂಡರಾಮಪ್ಪನವರ ಹೆಸರು ಇಷ್ಟು ಜನ ಮೇಲಿನವರ ಕಣ್ಣಿಗೆ ಬಿದ್ದದ್ದು ಇದೇ ಮೊದಲು. ಬಡ್ತಿಯ ಯೋಚನೆಯೂ ಬಂದಿತು. ಅಧಿಕಾರಿಗಳು ಬರುವ ದಿನ ಟಬ್ಬು ಕೊಳೆಯಾಗಬಾರದೆಂದು ಅವರು ಹಿತ್ತಲಲ್ಲಿ, ತಾಯಿಯ ತಡಿಕೆಯ ಹಿಂದೆ, ಎರಡು ಚೊಂಬು ನೀರು ಸುರಿದುಕೊಂಡು ಕಚೇರಿಗೆ ಓಡುತ್ತಿದ್ದರು. ಭಾರತಮ್ಮ ಕೊಡ ಹೊರುತ್ತಿದ್ದಳು.

ಅಕ್ಟೋಬರಿನಲ್ಲಿ ವಾರ್ಷಿಕ ತಪಾಸಣೆಗೆ ಸುಬ್ಬರಾಯಪ್ಪ ಎಂಬ ಸಾಹೇಬರು ಬರುತ್ತಾರೆಂದು ತಿಳಿಯಿತು. ಅವರು ಬಗ್ಗದ ಕಡ್ಡಿಯಂಥ ಮನುಷ್ಯ, ಫೈಲಿನ ದಾರದ ಗಂಟು ಸರಿಯಿಲ್ಲದಿದ್ದರೂ ನೋಟೀಸು ಕೊಡುವವರು. ಆ ಕಚೇರಿಯಲ್ಲಿ ಗಂಟು ಒತ್ತಟ್ಟಿಗಿರಲಿ, ಕೆಲವು ಫೈಲುಗಳೇ ಇರಲಿಲ್ಲ. ಚನ್ನರಾಯಪ್ಪನವರು ಕೋದಂಡರಾಮಪ್ಪನವರನ್ನು ಕೋಣೆಗೆ ಕರೆದು, ಸಾಹೇಬರು ಮೊದಲು ಟಬ್ಬಿನಲ್ಲಿ ಮೆತ್ತಗಾಗಬೇಕು, ಆಮೇಲೆ ಕಚೇರಿಗೆ ಬರಬೇಕು, ಇದು ನಮ್ಮೆಲ್ಲರ ಹೊಟ್ಟೆಪಾಡು ಎಂದರು.

ತಪಾಸಣೆಯ ದಿನ ಭಾರತಮ್ಮ ನಸುಕಿನಲ್ಲೇ ಎದ್ದು, ನಲ್ಲಿಯಲ್ಲಿ ಸಿಕ್ಕಷ್ಟು ಹಿಡಿದು, ಉಳಿದದ್ದನ್ನು ಬಾವಿಯಿಂದ ಸೇದಿ ತಂದಳು. ಹಂಡೆಯ ಬಿಸಿನೀರು ಬೆರೆಸಿದಳು. ಗಂಡ ತಂದುಕೊಟ್ಟ ಪನ್ನೀರು ಗುಲಾಬಿಯ ಎಸಳು ಉದುರಿಸಿದಳು. ಇಪ್ಪತ್ತಾರನೇ ಕೊಡ ಸುರಿದು ಬೆನ್ನು ನೆಟ್ಟಗೆ ಮಾಡಿದಾಗ, ಮೈಯೆಲ್ಲ ಬೆವರು, ಸೀರೆಯೆಲ್ಲ ಮಸಿ. ನೀರಿನಿಂದ ಹಬೆ ಏಳುತ್ತಿತ್ತು. ಈ ಆರು ತಿಂಗಳಲ್ಲಿ ಎಷ್ಟೋ ಸಲ ತುಂಬಿದ ನೀರಿನೊಳಗೆ ಅವಳ ಕೈ ಬಿಟ್ಟು ಬೇರೇನೂ ಇಳಿದಿರಲಿಲ್ಲ. ಹೊರಗೆ ಜೀಪು ನಿಂತ ಸದ್ದಾಯಿತು. ಭಾರತಮ್ಮ ಒಳಗಿನಿಂದ ಅಗುಳಿ ಹಾಕಿದಳು.

ಸಾಹೇಬರು ಕಾಫಿ ಕುಡಿದು, ಪ್ಯಾಂಟು ಶರಟು ಕಳಚಿ, ಟವೆಲು ಸುತ್ತಿಕೊಂಡು ಪಡಸಾಲೆಯಲ್ಲಿ ನಿಂತರು. ಕೋದಂಡರಾಮಪ್ಪನವರು ಬಚ್ಚಲ ಬಾಗಿಲು ತಳ್ಳಿದರು, ತೆರೆಯಲಿಲ್ಲ. ಮೆಲ್ಲಗೆ ತಟ್ಟಿದರು.

"ಸ್ನಾನ ಮಾಡ್ತಾ ಇದ್ದೀನಿ," ಎಂದು ಒಳಗಿನಿಂದ ಭಾರತಮ್ಮನ ದನಿ ಬಂದಿತು.

"ಸಾಹೇಬ್ರು ಬಂದವ್ರೆ ಕಣೇ. ಟವೆಲ್ ಸುತ್ಕೊಂಡು ನಿಂತವ್ರೆ."

"ನಿಂತಿರ್ಲಿ ಬಿಡಿ. ನಾನು ಬೆಳಗಿಂದ ನಿಂತಿದ್ದೆ."

ಚನ್ನರಾಯಪ್ಪನವರು ಬಂದು ಬಾಗಿಲ ಸಂದಿಗೆ ಬಾಯಿಟ್ಟು, ತಂಗಿ ಎಂದರು, ತಾಯಿ ಎಂದರು, ಗಂಡನ ಬಡ್ತಿಯ ಮಾತೆತ್ತಿದರು. ಒಳಗೆ ನೀರು ತುಳುಕಿತು. ಸಾಹೇಬರ ಬರಿಮೈಗೆ ಚಳಿ ಹತ್ತಿ ರೋಮ ನಿಂತಿತ್ತು, ಮುಖದಲ್ಲಿ ನೋಟೀಸಿನ ಕಳೆ ಮೂಡುತ್ತಿತ್ತು.

ಆಗ ಹಿತ್ತಲ ಬಾಗಿಲಲ್ಲಿ ದೊಡ್ಡಮುನಿಯಮ್ಮ ಕಾಣಿಸಿಕೊಂಡರು. ಟವೆಲಿನಲ್ಲಿದ್ದ ಸಾಹೇಬರನ್ನು ಮೇಲಿನಿಂದ ಕೆಳಗೆ ನೋಡಿದರು. "ರಾ ನಾಯನಾ, ಬಾರಪ್ಪ, ಅಲ್ಲ್ಯಾಕೆ ನಡುಗ್ತಾ ನಿಂತಿದ್ದೀಯ? ಇಲ್ಲಿ ನೀರು ಕಾದದೆ" ಎಂದು ಕೈಹಿಡಿದು ಕರೆದುಕೊಂಡೇ ಹೋದರು. ಜಿಲ್ಲೆಗೆಲ್ಲ ಕಡ್ಡಿಯಂತಿದ್ದ ಸುಬ್ಬರಾಯಪ್ಪನವರು, ಯಾಕೆಂದು ಯಾರಿಗೂ ಹೇಳಲಾಗಲಿಲ್ಲ, ಹಿಂದೆಯೇ ಹೋದರು.

ಹೊಂಗೆ ಮರದ ಕೆಳಗೆ ಚಪ್ಪಡಿಯ ಮೇಲೆ ಕೂರಿಸಿ, ಮುದುಕಿ ಅವರ ನೆತ್ತಿಗೆ ಅಂಗೈ ತುಂಬ ಹರಳೆಣ್ಣೆ ಬಡಿದರು. ಕಿವಿಯ ಹಿಂದೆ ಇಷ್ಟು ಕೊಳೆ ಇಟ್ಟುಕೊಂಡು ಯಾವ ಆಫೀಸು ನಡೆಸುತ್ತೀಯ ಎಂದು ಬೈದರು. ಬೆನ್ನಿಗೆ ಕಡಲೆಹಿಟ್ಟು ತಿಕ್ಕಿ, ತಲೆಗೆ ಸೀಗೆ ಹಾಕಿ, ಕಣ್ಣು ಉರಿಯುತ್ತದೆ ಎಂದರೆ ಮುಚ್ಚಿಕೋ ಎಂದು ಗದರಿ, ಹಂಡೆಯಲ್ಲಿ ಉಳಿದಿದ್ದ ಸುಡುನೀರಿಗೆ ಒಂದಿಷ್ಟು ತಣ್ಣೀರು ಬೆರೆಸಿ ಚೊಂಬಿನ ಮೇಲೆ ಚೊಂಬು ಹೊಯ್ದರು. ಬಿಸಿಬಿಸಿ ಮುದ್ದೆ, ಹುರುಳಿ ಸಾರು ಬಡಿಸಿದರು. ಸಾಹೇಬರು ಪಡಸಾಲೆಯ ಚಾಪೆಯ ಮೇಲೆ ಐದು ನಿಮಿಷ ಎಂದು ತಲೆಯಿಟ್ಟವರು ನಾಲ್ಕು ಗಂಟೆಗೆ ಎದ್ದರು. ಸಂಜೆ ಕೋಲಾರದಲ್ಲಿ ಸಭೆ ಇತ್ತು. ಚನ್ನರಾಯಪ್ಪನವರು ತಪಾಸಣಾ ಪುಸ್ತಕವನ್ನು ಚಾಪೆಯ ಬಳಿಗೇ ತಂದು ಹಿಡಿದರು. ಸಾಹೇಬರು ಆಕಳಿಸುತ್ತಾ, ಎಲ್ಲವೂ ತೃಪ್ತಿಕರ ಎಂದು ಬರೆದು ಸಹಿ ಹಾಕಿದರು.

ಭಾರತಮ್ಮ ಆಗಲೇ ಹೊರಗೆ ಬಂದು, ತಲೆ ಒಣಗಿಸಿಕೊಂಡು, ರಾಮಲಕ್ಷ್ಮಮ್ಮನ ಜೊತೆ ಎಲೆಯಡಿಕೆ ಹಾಕುತ್ತಿದ್ದಳು. ಬಯ್ಯಬೇಕೆಂದು ಬಂದ ಕೋದಂಡರಾಮಪ್ಪನವರು ಅವಳ ಮುಖ ನೋಡಿ ಬಾಗಿಲಲ್ಲೇ ನಿಂತರು. ಮದುವೆಯಾದ ಹೊಸದರಲ್ಲಿ ಒಂದೆರಡು ಸಲ ಕಂಡಿದ್ದ ಮುಖ ಅದು.

ಅಂದಿನಿಂದ ಅಧಿಕಾರಿಗಳ ಪಟ್ಟಿಯಲ್ಲಿ ಸ್ನಾನದ ಎದುರು ದೊಡ್ಡಮುನಿಯಮ್ಮ ಎಂದು ಬರೆಯುವಂತಾಯಿತು. ಅವರನ್ನು ಎರಡು ದಿನಕ್ಕೆ ಕಳಿಸಿಕೊಡಬಹುದೇ ಎಂದು ಬೇರೆ ತಾಲ್ಲೂಕಿನ ಕಚೇರಿಯೊಂದು ಚನ್ನರಾಯಪ್ಪನವರನ್ನು ವಿಚಾರಿಸಿತಂತೆ. ದೊಡ್ಡಮುನಿಯಮ್ಮ, ತಾನೇನು ಸರ್ಕಾರದ ಉಪ್ಪು ತಿಂದಿದ್ದೀನಾ ಎಂದು ಕೇಳಿದರು. ಬಡ್ತಿ ಆ ವರ್ಷವೂ ಬರಲಿಲ್ಲ. ರಾಮಲಕ್ಷ್ಮಮ್ಮ ಮತ್ತು ಬೀದಿಯ ಇನ್ನಿಬ್ಬರು ಹೆಂಗಸರು ತಲಾ ಆರೇಳು ಕೊಡ ತಂದು ಹಾಕುವುದೆಂದೂ, ಶುಕ್ರವಾರ ಮಧ್ಯಾಹ್ನ ಸರದಿಯಂತೆ ಒಬ್ಬೊಬ್ಬರು ಟಬ್ಬಿಗೆ ಇಳಿಯುವುದೆಂದೂ ಭಾರತಮ್ಮನ ಜೊತೆ ಮಾತಾಡಿಕೊಂಡರು. ಗಂಡಸರು ಆ ಹೊತ್ತು ಮನೆಯಲ್ಲಿರಬಾರದು ಎಂಬುದೂ ಆ ಮಾತುಕತೆಯಲ್ಲೇ ನಿಶ್ಚಯವಾಯಿತು.

ಕೋದಂಡರಾಮಪ್ಪನವರಿಗೆ ಭಾನುವಾರ ಉಳಿಯಿತು, ನೀರು ಅವರೇ ತರಬೇಕು ಎಂಬ ಷರತ್ತಿನ ಮೇಲೆ. ಮೊದಲ ಭಾನುವಾರ ಇಪ್ಪತ್ತಾರೂ ತರುತ್ತೇನೆಂದು ಪಂಚೆ ಎತ್ತಿ ಕಟ್ಟಿ ಹೊರಟರು. ಹತ್ತನೇ ಕೊಡಕ್ಕೆ ಭುಜ ಬಿದ್ದುಹೋಯಿತು, ಹನ್ನೊಂದನೆಯದಕ್ಕೆ ನಲ್ಲಿ ನಿಂತುಹೋಯಿತು. ಇದ್ದಷ್ಟು ನೀರಿನಲ್ಲೇ ಕಾಲು ಚಾಚಿ ಕೂತರು. ಅದು ಅವರ ಮೊಣಕಾಲನ್ನೂ ಮುಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಭಾರತಮ್ಮ ಬಾಗಿಲಲ್ಲಿ ನಿಂತು, ಬಿಸಿನೀರು ಬೇಕಾ ಎಂದು ಕೇಳಿದಳು. ಬೇಕು ಎಂದರು. ಹಿತ್ತಲಲ್ಲಿದೆ, ಹೋಗಿ ತಂದುಕೊಳ್ಳಿ ಎಂದು ಹೇಳಿ, ಅವಳು ಒಗ್ಗರಣೆ ನೋಡಲು ಅಡುಗೆಮನೆಗೆ ಹೋದಳು.