ಕೈಯಾರೆ ಬರೆದ ಜಾಗ

ಅಣ್ಣ ಔಷಧಿ ಗೋದಾಮಿಗೆ ಬಂದಾಗ ಪ್ಯಾಕಿಂಗ್‌ನವರು ಅವಳ ತಲೆ ತಿನ್ನುತ್ತಿದ್ದರು. ಅಲ್ಲಿನ ನೆಟ್‌ವರ್ಕ್ ನೋಡಿಕೊಳ್ಳುವವಳು ಅವಳೇ. ಲೇಬಲ್ ಪ್ರಿಂಟರನ್ನು ಬೆಳಿಗ್ಗೆ ನೆಲಮಾಳಿಗೆಯಿಂದ ಮಹಡಿಗೆ ಸಾಗಿಸಿದ್ದರು. ಆಮೇಲೆ ಒಂದು ಲೇಬಲ್ಲೂ ಹೊರಬಂದಿರಲಿಲ್ಲ.

ಅಣ್ಣನನ್ನು ಸ್ಟೂಲಿನ ಮೇಲೆ ಕೂರಿಸಿ ಲ್ಯಾಪ್‌ಟಾಪ್ ತೆರೆದಳು. ಅವನು ಬಂದ ಕಾರಣ ಅವಳಿಗೆ ಗೊತ್ತಿತ್ತು. ಗಂಡನ ಮನೆ ಬಿಟ್ಟು ಟೈಲರ್ ಅಂಗಡಿಯ ಮೇಲಿನ ಬಾಡಿಗೆ ಕೋಣೆ ಸೇರಿ ತಿಂಗಳುಗಳೇ ಕಳೆದಿದ್ದರೂ, ಅಮ್ಮನನ್ನು ಮಾತ್ರ ಅವಳಿನ್ನೂ ಅಲ್ಲೇ ಸುಖವಾಗಿದ್ದಾಳೆಂದು ಅಣ್ಣ ನಂಬಿಸಿದ್ದ. ಅಮ್ಮ ಫೋನಿನಲ್ಲಿ ಕೇಳಿದಾಗಲೆಲ್ಲ ಇವಳೂ ಹೂಂಗುಟ್ಟಿದ್ದಳು. ಈಗ ಅಮ್ಮ ಮಗಳನ್ನು ನೋಡಲು ಹೊರಟು ನಿಂತಿದ್ದಳು. ಅಣ್ಣನ ಮಗಳ ಮದುವೆ ಮಾತುಕತೆ ನಡೆಯುತ್ತಿತ್ತು. ಆದ್ದರಿಂದ ಇವಳು ಗಂಡನ ಮನೆಗೆ ಹೋಗಿ ನಾಲ್ಕು ದಿನ ನಗುನಗುತ್ತ ಓಡಾಡಿಕೊಂಡಿರಬೇಕಂತೆ. ಗಂಡನೂ ಒಪ್ಪಿದ್ದಾನಂತೆ, ಪುಣ್ಯಾತ್ಮ.

ಅವಳು ಲ್ಯಾಪ್‌ಟಾಪಿನಲ್ಲಿ ನೆಟ್‌ವರ್ಕ್ ಬ್ರಿಡ್ಜ್‌ನ ಸೆಟ್ಟಿಂಗ್ಸ್ ತೆರೆದಳು. ಯಂತ್ರಗಳ ನಡುವೆ ಮಾತು ದಾಟಿಸುವ ಆ ಪೆಟ್ಟಿಗೆ ಯಾರ ವಿಳಾಸವನ್ನೂ ವಿಚಾರಿಸುವುದಿಲ್ಲ. ಯಾವ ಯಂತ್ರ ತನ್ನ ಯಾವ ಕೇಬಲ್ ಕಿಂಡಿಯಿಂದ, ಅಂದರೆ ಪೋರ್ಟಿನಿಂದ, ಮಾತಾಡಿತೋ ಅಲ್ಲೇ ಇದೆಯೆಂದು ನೆನಪಿಟ್ಟುಕೊಳ್ಳುತ್ತದೆ. ಜಾಗ ಬದಲಿಸಿ ಅಲ್ಲಿಂದ ಒಂದು ಮಾತಾಡಿದರೆ ಸಾಕು, ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿಯುತ್ತದೆ. ಬಹಳ ಹೊತ್ತು ಸದ್ದೇ ಇಲ್ಲದವರನ್ನು ಮರೆಯುತ್ತದೆ. ಆದರೆ ಈ ಪ್ರಿಂಟರಿನ ಜಾಗವನ್ನು ಕೈಯಾರೆ ಬರೆದು ಕಾಯಂ ಮಾಡಿಡಲಾಗಿತ್ತು. ಅದು ಮಹಡಿಯಿಂದ ಎಷ್ಟು ಬಾಯಿ ಬಡಿದುಕೊಂಡರೂ ಅದರ ಪಾಲಿನದೆಲ್ಲ ನೆಲಮಾಳಿಗೆಯ ಖಾಲಿ ಗೋಡೆಗೇ ಹೋಗುತ್ತಿತ್ತು. ಬರೆದವಳು ಅವಳೇ. ಆಮೇಲೆ ತಕರಾರು ಬೇಡವೆಂದು ಬರೆದಿದ್ದಳು.

ಅಣ್ಣ ತಗ್ಗಿದ ದನಿಯಲ್ಲಿ ಹೇಳಿದ: "ನೀನೇನೂ ಸುಳ್ಳು ಹೇಳೋದು ಬೇಡ. ಸುಮ್ನಿದ್ರೆ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ."

ಅವಳಿಗೆ ಮೈಯೆಲ್ಲ ಉರಿಯಿತು. ಅವನ ಮೇಲೆ ಎಷ್ಟೋ, ಹೂಂಗುಟ್ಟಿದ ತನ್ನ ಮೇಲೂ ಅಷ್ಟೇ. ಕೈಯಾರೆ ಬರೆದಿದ್ದ ಆ ಸಾಲನ್ನು ಅಳಿಸಿ, ಪ್ರಿಂಟರಿನ ಪರೀಕ್ಷೆಯ ಗುಂಡಿ ಒತ್ತುವಂತೆ ಮಹಡಿಯವರಿಗೆ ಹೇಳಿದಳು. ಗಳಿಗೆಯಲ್ಲೇ ಲೇಬಲ್ ಬಂತೆಂದು ಮೇಲಿನಿಂದ ಸುದ್ದಿ ಬಂತು. ಅವಳು ಲ್ಯಾಪ್‌ಟಾಪ್ ಮುಚ್ಚಿ ಫೋನ್ ಎತ್ತಿಕೊಂಡಳು. ಅಣ್ಣ ತಡೆಯಲು ಕೈ ಚಾಚಿದ. ಅವಳು ಎದ್ದು ನಿಂತಳು.

"ಅಮ್ಮ, ನಾನು ಅವರ ಮನೇಲಿಲ್ಲ. ಬಿಟ್ಟು ಬಂದು ಬಹಳ ದಿನ ಆಯ್ತು, ವಾಪಸ್ ಹೋಗಲ್ಲ. ನನ್ನ ನೋಡ್ಬೇಕಂದ್ರೆ ನನ್ನ ಮನೆಗೆ ಬಾ."

ಅಮ್ಮ, ಇದು ಅಣ್ಣನಿಗೆ ಗೊತ್ತೇ ಎಂದು ಕೇಳಿದಳು. ಎದುರಿಗೇ ಕೂತಿದ್ದಾನೆಂದು ಇವಳು ಹೇಳಿದಳು.

"ಹಾಗಾದ್ರೆ ಅವನ ಕೈಗೆ ಫೋನ್ ಕೊಡು," ಎಂದಳು ಅಮ್ಮ. "ನಿನ್ನ ಮನೆಗೆ ನನ್ನನ್ನ ಕರ್ಕೊಂಡು ಬರೋನು ಅವನೇ."