ಒಸಡಿನ ಅಳತೆ

ನಾನು ದರ್ಜಿ. ಯಾರಾದರೂ ಅಳತೆ ತೆಗೆದರೆ ಏನೋ ಹೊಲಿಯಲಿದ್ದಾರೆ ಎಂದೇ ನನ್ನ ಲೆಕ್ಕ. ಹಾಗಾಗಿ ಹಲ್ಲಿನ ಡಾಕ್ಟರಮ್ಮ ನನ್ನ ಬಾಯೊಳಗೆ ಸಣ್ಣ ಕಡ್ಡಿ ತೂರಿಸಿ "ಮೂರು, ಎರಡು, ಆರು" ಎನ್ನುತ್ತಾ, ನರ್ಸ್ ಅದನ್ನು ಬರೆದುಕೊಳ್ಳುತ್ತಾ ಹೋದಾಗ ನನಗೆ ಗೊತ್ತಾಗಿಹೋಯಿತು. ಇದು ಹಲ್ಲಿನ ಸೆಟ್ಟಿಗೆ ಅಳತೆಯೇ ಸರಿ. ಇರುವುದನ್ನೆಲ್ಲ ಕಿತ್ತ ಮೇಲೆ ತಾನೇ ಸೆಟ್ಟು? ಮೂವತ್ತು ವರ್ಷದಿಂದ ನಾನು ದಾರ ಕಡಿಯುವುದು ಮುಂದಿನ ಹಲ್ಲಲ್ಲಿ. ಅದನ್ನು ಬಿಟ್ಟುಕೊಡುವ ಮಾತೇ ಇರಲಿಲ್ಲ.

"ಅಳತೆ ಯಾಕೆ?" ಕಡ್ಡಿ ಹೊರಬಂದ ಕೂಡಲೇ ಕೇಳಿದೆ.

"ನಿಮ್ಮ ಒಸಡಲ್ಲಿ ಪಾಕೆಟ್ ಆಗಿದೆ. ಎಷ್ಟು ಆಳ ಅಂತ ನೋಡ್ತಿದೀನಿ."

ನನ್ನ ಮುಂದೆ ಪಾಕೆಟ್ಟಿನ ಮಾತು. ಪಾಕೆಟ್ ತಾನಾಗಿ ಆಗುವುದಿಲ್ಲ, ಯಾರಾದರೂ ಇಡಬೇಕು.

"ಯಾರಿಟ್ರು?" ಎಂದೆ. ಮೂಲೆಯ ಕುರ್ಚಿಯಲ್ಲಿದ್ದ ಹೆಂಡತಿ ಆಚೆ ತಿರುಗಿ ನಕ್ಕಳು.

"ಪಾಚಿ ಕಟ್ಟಿ ಕಲ್ಲಾಗಿದೆ. ಒಸಡು ಹಲ್ಲನ್ನ ಬಿಟ್ಟು ಸಂದಿ ಬಿದ್ದು, ಒಳಗೆ ಮೂಳೆ ಸವೀತಾ ಇದೆ. ಮೂರು ಮಿಲಿಮೀಟರ್ ತನಕ ಪರವಾಗಿಲ್ಲ. ಜಾಸ್ತಿ ಇರೋ ಕಡೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಒಸಡಿನ ಕೆಳಗೂ ಕ್ಲೀನ್ ಮಾಡ್ತೀನಿ. ಎರಡು ತಿಂಗಳಾದ್ಮೇಲೆ ಮತ್ತೆ ಅಳೀತೀನಿ. ಆಗ್ಲೂ ಆಳ ಕಮ್ಮಿಯಾಗಿಲ್ಲ ಅಂದ್ರೆ ಒಸಡು ಬಿಡಿಸಿ, ಶುಚಿ ಮಾಡಿ, ಹೊಲಿಗೆ ಹಾಕ್ಬೇಕಾಗ್ಬಹುದು."

"ಕ್ಲೀನ್ ಮಾಡಿಸಿದ್ರೆ ಹಲ್ಲು ಅಲ್ಲಾಡುತ್ತಂತೆ."

"ಹಲ್ಲು ಹಿಡ್ಕೊಂಡಿರೋದು ಮೂಳೆ, ಪಾಚಿ ಅಲ್ಲ."

"ಉಪ್ಪುನೀರು ಮುಕ್ಕಳಿಸಿದ್ರೆ ಸಾಲ್ದಾ?"

"ಕೊಂಚ ಹಾಯೆನ್ಸುತ್ತೆ. ಪಾಕೆಟ್ ಒಳಗೆ ಅದು ಇಳಿಯಲ್ಲ."

ಎಲ್ಲಕ್ಕೂ ನಾಲಿಗೆಯ ತುದಿಯಲ್ಲೇ ಉತ್ತರ. ನನ್ನ ಅನುಮಾನ ಇನ್ನೂ ಬಲಿಯಿತು. ಬಟ್ಟೆಗೆ ಕತ್ತರಿಯನ್ನೇ ಹಾಕದೆ "ಗುಂಡಿ ಹಾಕೋದೊಂದೇ ಬಾಕಿ" ಎನ್ನುವವನು ನಾನು. ಥಟ್ಟನೆ ಬರುವ ಉತ್ತರದ ಮರ್ಮ ನನಗೆ ಗೊತ್ತಿಲ್ಲವೇ?

"ಹಾಗಾದ್ರೆ ಎಲ್ಲಾ ಹಲ್ಲೂ ಉಳಿಯುತ್ತೆ ಅನ್ನಿ." ಸಿಕ್ಕಿಬೀಳಲಿ ಎಂದೇ ಅಂದೆ.

"ಇಲ್ಲ. ಮುಂದಿನ ಒಂದು ಹಲ್ಲಿಗೆ ಒಂಬತ್ತು ಬಂದಿದೆ, ಅದು ಅಲ್ಲಾಡ್ತಾನೂ ಇದೆ. ಅದಕ್ಕೆ ನಾನು ಮಾತು ಕೊಡಲ್ಲ. ಹಲ್ಲುಜ್ಜುವಾಗ ರಕ್ತ ಬರೋಕೆ ಶುರುವಾಗಿ ಎಷ್ಟು ದಿನ ಆಯ್ತು?"

"ಎರಡು ವರ್ಷ," ಎಂದಳು ಹೆಂಡತಿ.

ಆ ಎರಡು ವರ್ಷದಲ್ಲಿ ಬ್ರಷ್ಷನ್ನು ಅನುಮಾನಿಸಿ ನಾಲ್ಕು ಬ್ರಷ್ ಬದಲಿಸಿದ್ದೆ. ಪೇಸ್ಟನ್ನು ಅನುಮಾನಿಸಿದ್ದೆ. ಡಾಕ್ಟರಿಗೆ ತೋರಿಸಿ ಎಂದು ಬೆನ್ನು ಹತ್ತಿದ ಹೆಂಡತಿಗೂ ಇದರಲ್ಲಿ ಏನೋ ಲಾಭವಿದೆ ಎಂದುಕೊಂಡಿದ್ದೆ. ಒಸಡಿನ ಮೇಲೆ ಮಾತ್ರ ಒಂದು ದಿನವೂ ಸಂದೇಹ ಬರಲಿಲ್ಲ. ನೋವೇ ಇರಲಿಲ್ಲವಲ್ಲ.

"ಆಗಲೇ ಬಂದಿದ್ರೆ?"

"ಬಹುಶಃ ಬರೀ ಕ್ಲೀನಿಂಗಲ್ಲೇ ಮುಗೀತಿತ್ತು."

ಈ ಮಾತಿನಲ್ಲೂ ಏನಾದರೂ ಹುಳುಕು ಸಿಗುತ್ತದೋ ಎಂದು ಹುಡುಕಿದೆ. ಸಿಗಲಿಲ್ಲ. ಹೆಂಡತಿಯ ಮುಖ ನೋಡಲು ನಾಚಿಕೆಯಾಗಿ, ಕಣ್ಣು ಮುಚ್ಚಿ ಬಾಯಿ ತೆರೆದೆ.