ಹೆಸರು ಹೇಳಿದರೆ ಹತ್ತುವ ಫೋನು

“‘ಗವಿಸಿದ್ದಪ್ಪ ಸರ್‌ಗೆ ಹಚ್ಚು’ ಅಂದ್ರ ಸಾಕ ನೋಡಕ್ಕಾ, ತಾನ ಹಚ್ಚತೈತಿ. ನಂಬರ್ ಒತ್ತೂದ ಬ್ಯಾಡ, ಓದೂದ ಬ್ಯಾಡ,” ಎಂದು ಪಕ್ಕದ ಮನೆಯ ಅಮೀನಬಿ ತನ್ನ ಫೋನು ತೋರಿಸಿದಳು.

ಹನಮಂತವ್ವ ಕೈಯಲ್ಲಿನ ರೊಟ್ಟಿಯನ್ನು ಇನ್ನಷ್ಟು ಜೋರಾಗಿ ಬಡಿದಳು. ಸೊರಟೂರಿನ ಗ್ರಂಥಾಲಯ ನೋಡಿಕೊಳ್ಳುವ ಆ ಗವಿಸಿದ್ದಪ್ಪ ಆಕೆಯ ಗಂಡ. ಲಗ್ನದಲ್ಲಿ ಹೆಂಗಸರು ಅಡ್ಡಗಟ್ಟಿದಾಗ ಒಡಪು ಕಟ್ಟಿ, ಪ್ರಾಸದ ಸಾಲಿನಲ್ಲಿ ಅಡಗಿಸಿ ಹೇಳಿದ್ದು ಬಿಟ್ಟರೆ ಆ ಹೆಸರನ್ನು ಆಕೆ ಬಾಯಿಗೆ ತಂದವಳಲ್ಲ. ಈಗ ನೋಡಿದರೆ ಊರ ಹೆಂಗಸರೆಲ್ಲ ಫೋನಿಗೆ ಬಾಯಿ ಹಚ್ಚಿ ಕರೆಯುತ್ತಾರೆ, ಈ ಮಹಾರಾಯರು ಓಗೊಡುತ್ತಾರೆ.

ಮೊದಲು ಹೀಗಿರಲಿಲ್ಲ. ಪುಸ್ತಕದ ಧೂಳು ಝಾಡಿಸಿ, ಪೇಪರ್ ಓದಲು ಬರುವ ನಾಲ್ಕು ಮುದುಕರನ್ನು ಸಾಗಹಾಕಿ, ರೊಟ್ಟಿ ಬಡಿಯುವ ಸಪ್ಪಳಕ್ಕೆ ಸರಿಯಾಗಿ ಬಂದು ಒಲೆಯ ಮುಂದೆ ಕೂರುತ್ತಿದ್ದರು. ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂದದ್ದೇ ಬಂತು, ಪಿಂಚಣಿ ಅರ್ಜಿ ಹಾಕುವವರು, ಮಗಳ ಸ್ಕಾಲರ್‌ಶಿಪ್ ಕೇಳುವವರು, ಫೋನು ಕಲಿಯುವವರು, ಮುಗಿಯುವುದೇ ಇಲ್ಲ. ಇತ್ತ ರೊಟ್ಟಿ ಆರಿ ಹಪ್ಪಳವಾಗುತ್ತದೆ. ಕೇಳಿದರೆ, ಬರೀ ಪುಸ್ತಕ ಕೊಡುವ ಕಾಲ ಹೋಯಿತು ಎನ್ನುತ್ತಾರೆ. ಅಮೀನಬಿಗೆ ಬೇಸರಪಡದೆ ಎರಡೆರಡು ಸಲ ಹೇಳಿಕೊಟ್ಟರಂತೆ. ಹೆಂಡತಿಗೆ ಒಂದು ಸಲ ಹೇಳಿಕೊಡಲೂ ಪುರುಸೊತ್ತಿಲ್ಲ.

ಒಲೆಯ ಮೇಲಿನ ಹಂಚು ಇಳಿಸಿ, ಮನೆಯ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಹನಮಂತವ್ವ ಗ್ರಂಥಾಲಯಕ್ಕೆ ನಡೆದೇಬಿಟ್ಟಳು. ಹಿಂದೆಯೇ ಅಮೀನಬಿ. ಹೆಂಗಸರ ನಡುವೆ ಕುಳಿತಿದ್ದ ಗಂಡನ ಮುಂದೆ ಫೋನಿಟ್ಟು, “ನನಗೂ ಕಲಸ್ರಿ,” ಎಂದಳು.

ಗವಿಸಿದ್ದಪ್ಪ ಗುಂಡಿ ಒತ್ತಿ ಹಿಡಿದರು. “ಯಾರಿಗೆ ಹಚ್ಚಬೇಕು? ಹೆಸರ ಹೇಳು.”

ಹನಮಂತವ್ವ ಸೆರಗು ಕಚ್ಚಿ ನಿಂತಳು. ಹೆಂಗಸರಿಗೆ ಅಷ್ಟೇ ಸಾಕಾಯಿತು. ಒಬ್ಬಳು ಕೆಮ್ಮಿದಳು, ಇನ್ನೊಬ್ಬಳು ಫೋನಿಗೇನು ನಾಚಿಕೆ ಎಂದಳು.

“ಒಡಪ ಹಚ್ಚಿ ಹೇಳಕ್ಕಾ, ಹೆಂಗರ ಹೇಳು,” ಎಂದಳು ಅಮೀನಬಿ.

ಹನಮಂತವ್ವ ಫೋನನ್ನು ಕಸಿದು ಬಾಯಿಗೆ ಹಿಡಿದಳು. “ಕಲಿಯಾಕ ಬಂದವ್ರಿಗೆ ಬಳಪ ಪಾಟಿ, ಗವಿಸಿದ್ದಪ್ಪನವ್ರ ಹಾದಿ ಕಾದು ಆರತಾವ ಬಿಸಿ ರೊಟ್ಟಿ.”

ಫೋನು ತುಸು ಹೊತ್ತು ಚಕ್ರ ತಿರುಗಿಸಿ, ಯಾರೋ ಹೆಣ್ಣುಮಗಳು ಜೋಳದ ರೊಟ್ಟಿ ಮಾಡುವ ವಿಡಿಯೊ ತೋರಿಸಿತು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

“ಇದಕ್ಕ ತಿಳಿಲಿಲ್ಲ,” ಎಂದರು ಗವಿಸಿದ್ದಪ್ಪ.

“ಅದರ ಮಾತ ಬಿಡ್ರಿ. ನಿಮಗ?”

ಅಷ್ಟರಲ್ಲಿ ಅವರ ಕಿಸೆಯ ಫೋನು ಬಡಿದುಕೊಳ್ಳತೊಡಗಿತು. ಯಾರೆಂದು ನೋಡದೆ ಅದನ್ನು ಅಮೀನಬಿಯ ಕೈಗಿಟ್ಟು, ಬಾಗಿಲಲ್ಲಿ ಬಿದ್ದಿದ್ದ ಚಪ್ಪಲಿಗಳ ರಾಶಿಯಲ್ಲಿ ತಮ್ಮವನ್ನು ಹುಡುಕತೊಡಗಿದರು.